ಮೊಳದುದ್ದ ತಂತಿ, ಒಂದು ಫ್ಯೂಸ್

ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತವನಿಗೆ ಸಂಬಳ ಇಲ್ಲದಿದ್ದರೂ ಕೆಲಸಕ್ಕೆ ಬರವಿಲ್ಲ. ಚಿಕ್ಕಮ್ಮನ ಮಿಕ್ಸಿ, ಪಕ್ಕದ ಮನೆಯ ಮೋಟರ್ ಸ್ಟಾರ್ಟರ್, ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟು. ‘ಹೆಂಗೂ ಖಾಲಿ ಇದೀಯಲ್ಲ’ ಎಂಬ ಪೀಠಿಕೆಯೊಂದಿಗೇ ಎಲ್ಲರ ಫೋನೂ ಬರುತ್ತದೆ. ಹಾಗೆ ಬಂದ ಫೋನುಗಳಲ್ಲಿ ದೊಡ್ಡಪ್ಪನ ಮಗನದೂ ಒಂದು.

‘ತಮ್ಮಾ, ಕಾರಿಗೆ ಎರಡು ಸಬ್‌ವೂಫರ್ ತಂದೀನಿ, ಆಂಪ್ಲಿಫೈಯರೂ ಐತೆ. ಅಂಗಡಿಯೋರು ಫಿಟಿಂಗ್‌ಗೇ ಮೂರು ಸಾವಿರ ಕೇಳ್ತಾರೆ. ನೀನಿದ್ದೂ ಅವರಿಗ್ಯಾಕೆ ಕೊಡ್ಬೇಕು?’

ದಾವಣಗೆರೆಯ ಅವರ ಮನೆ ಮುಂದಿನ ಬೇವಿನ ಮರದಡಿ ಒಂದು ಭಾನುವಾರ ಕಾರು ನಿಲ್ಲಿಸಿಕೊಂಡು ಶುರು ಮಾಡಿದೆ. ಬ್ಯಾಟರಿಯ ಪಾಸಿಟಿವ್‌ನಿಂದ ಡಿಕ್ಕಿಯವರೆಗೆ ಹೆಬ್ಬೆರಳಿನ ಅರ್ಧ ದಪ್ಪದ ಕೆಂಪು ತಂತಿ ಎಳೆಯಬೇಕು. ಎಂಜಿನ್‌ಗೂ ಒಳಗಿನ ಡ್ಯಾಶ್‌ಬೋರ್ಡ್‌ಗೂ ನಡುವಿನ ತಗಡಿನಲ್ಲಿ ಡ್ರಿಲ್‌ನಿಂದ ತೂತು ಹೊಡೆದು ತಂತಿ ತೂರಿಸಿದೆ. ಕಿಟ್‌ನಲ್ಲಿ ಒಂದು ಫ್ಯೂಸ್ ಹೋಲ್ಡರ್ ಇತ್ತು. ಆಂಪ್‌ನ ಮೈಮೇಲೇ 25 ಆಂಪಿಯರ್‌ನ ಎರಡು ಫ್ಯೂಸ್ ಇವೆಯಲ್ಲ, ಮತ್ತೊಂದು ಯಾಕೆ ಎಂದುಕೊಂಡು ಅದನ್ನು ಡಬ್ಬಿಯಲ್ಲೇ ಬಿಟ್ಟೆ. ಸಂಜೆ ಐದಕ್ಕೆ ಹಾಡು ಹಾಕಿದಾಗ ಎದುರು ಮನೆಯ ಕಿಟಕಿ ಗಾಜು ನಡುಗಿತು. ಅಣ್ಣ ಬೆನ್ನು ತಟ್ಟಿದ. ದೊಡ್ಡಮ್ಮ ಕಿವಿ ಮುಚ್ಚಿಕೊಂಡೇ ಮಿರ್ಚಿ ಮಂಡಕ್ಕಿ ತಂದುಕೊಟ್ಟರು. ಓದಿದ್ದು ಸಾರ್ಥಕ ಅನ್ನಿಸಿದ ಕೆಲವೇ ದಿನಗಳಲ್ಲಿ ಅದೂ ಒಂದು.

ಮೂರು ವಾರದ ನಂತರ ಅಮಾವಾಸ್ಯೆ. ಉಕ್ಕಡಗಾತ್ರಿಗೆ ಹೊರಟೆವು. ಅಣ್ಣ ಸ್ಟೇರಿಂಗ್‌ನಲ್ಲಿ, ನಾನು ಪಕ್ಕದಲ್ಲಿ, ಹಿಂದೆ ದೊಡ್ಡಮ್ಮ ಮತ್ತು ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದ ಅಣ್ಣನ ಮಗಳು. ಹರಿಹರ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಒಂದು ರಸ್ತೆ ಉಬ್ಬು ಹಾರಿಸಿದ್ದೇ ತಡ, ಹಾಡು ಪಟ್ಟನೆ ನಿಂತಿತು. ನನ್ನ ಕಾಲಿನ ಬಳಿಯಿಂದ ರಬ್ಬರ್ ಸುಟ್ಟ ವಾಸನೆ, ಹಿಂದೆಯೇ ಹೊಗೆ. ಅಣ್ಣ ಗಾಡಿ ಪಕ್ಕಕ್ಕೆ ಹಾಕಿ ಕೀ ತೆಗೆದ. ಹೊಗೆ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಆ ತಂತಿ ಹೋಗಿದ್ದು ಕೀ ಮೂಲಕ ಅಲ್ಲ, ನೇರ ಬ್ಯಾಟರಿಯಿಂದ.

ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿತ್ತು. ಒಳಗಿನಿಂದ ದೊಡ್ಡಮ್ಮ ಹಿಡಿ ಎಳೆಯುತ್ತಲೇ ಇದ್ದರು, ನಾನು ಇಳಿದು ಸುತ್ತಿ ಬಂದು ತೆಗೆಯುವಷ್ಟರಲ್ಲಿ ಮಗು ಎದ್ದು ಕೆಮ್ಮುತ್ತಿತ್ತು. ಅಬ್ಬಬ್ಬಾ ಅಂದರೆ ಹತ್ತು ಸೆಕೆಂಡ್ ಆಗಿರಬಹುದು. ಆದರೆ ಬಾಗಿಲು ತೆಗೆದಾಗ ದೊಡ್ಡಮ್ಮ ನನ್ನನ್ನು ನೋಡಿದ ನೋಟ ಇನ್ನೂ ಮರೆಯಲಾಗಿಲ್ಲ. ಬಾನೆಟ್ ಎತ್ತಿದರೆ ಕೆಂಪು ತಂತಿಯ ಮೇಲ್ಕವಚ ಕರಗಿ ತೊಟ್ಟಿಕ್ಕುತ್ತಿತ್ತು. ಟರ್ಮಿನಲ್ ಬಿಚ್ಚಲು ಹತ್ತನೇ ನಂಬರ್ ಸ್ಪ್ಯಾನರ್ ಬೇಕು, ಅದಿದ್ದದ್ದು ಡಿಕ್ಕಿಯಲ್ಲಿ, ಸಬ್‌ವೂಫರ್ ಬಾಕ್ಸ್‌ನ ಅಡಿಯಲ್ಲಿ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರ್‌ನವರು ಇಳಿದು ಬಂದು, ತಮ್ಮ ಸ್ಪ್ಯಾನರ್‌ನಿಂದ ನೆಗೆಟಿವ್ ಬಿಚ್ಚಿ ಎಸೆದರು. ‘ಯಾರಪ್ಪ ವೈರಿಂಗ್ ಮಾಡಿದ್ದು?’ ಎಂದು ಕೇಳಿದರು. ಅಣ್ಣ ಸುಮ್ಮನಿದ್ದ. ನಾನೂ.

ಗಾಡಿಯನ್ನು ಎಳೆಸಿಕೊಂಡು ಬಂದಿದ್ದು ಲಾರಿಗಳಿಗೆ ವೈರಿಂಗ್ ಮಾಡುವ ಹಿರಿಯ ಮೇಸ್ತ್ರಿಯೊಬ್ಬರ ಶೆಡ್‌ಗೆ. ನಾನು ಕೊರೆದ ತೂತಿನ ಅಂಚಿಗೆ ಬೆರಳು ಸವರಿ, ‘ಬ್ಲೇಡು’ ಎಂದರು. ಮೂರು ವಾರದ ಅಲುಗಾಟಕ್ಕೆ ಆ ಅಂಚು ತಂತಿಯ ಕವಚವನ್ನು ಕೊಯ್ದು, ಒಳಗಿನ ಲೋಹ ಕಾರಿನ ಬಾಡಿಗೆ ತಾಗಿತ್ತು. ಅಲ್ಲಿಗೊಂದು ರಬ್ಬರ್ ಗ್ರೊಮೆಟ್ ಹಾಕಿದ್ದರೆ ಸಾಕಿತ್ತು. ಬೆಲೆ ಹತ್ತಿಪ್ಪತ್ತು ರೂಪಾಯಿ.

‘ಫ್ಯೂಸ್ ಎಲ್ಲಿ?’

‘ಆಂಪ್‌ನಲ್ಲೇ ಇದೆಯಲ್ಲ ಸರ್.’

‘ಫ್ಯೂಸ್ ಕಾಯೋದು ಯಾರನ್ನ?’

‘ಆಂಪನ್ನ.’

ಅವರು ನಕ್ಕರು. ‘ಬ್ಯಾಟರಿ ಹತ್ರ ಹಾಕೋ ಫ್ಯೂಸು ತಂತಿನ ಕಾಯೋಕಪ್ಪ. ನಿನ್ನ ತಂತಿ ಸುಟ್ಟಿದ್ದು ಇಲ್ಲಿ, ಫ್ಯೂಸ್ ಕೂತಿರೋದು ಡಿಕ್ಕೀಲಿ. ಮನೆ ಬಾಗಿಲಿಗೆ ಕಳ್ಳ ಬಂದಾಗ ನಾಯಿನ ಹಿತ್ತಲಲ್ಲಿ ಕಟ್ಟಿದ್ರೆ?’

ಯೋಚಿಸಿ ನೋಡಿ. ಶಾರ್ಟ್ ಆದ ಜಾಗ ಬ್ಯಾಟರಿಗೂ ಆಂಪ್‌ಗೂ ನಡುವೆ. ಕರೆಂಟು ಆಂಪ್‌ವರೆಗೆ ಹೋಗುವುದೇ ಇಲ್ಲ, ಅಲ್ಲಿನ ಫ್ಯೂಸ್‌ಗೆ ಸುದ್ದಿಯೂ ಮುಟ್ಟುವುದಿಲ್ಲ. ಕಾರ್ ಬ್ಯಾಟರಿ ಬರೀ 12 ವೋಲ್ಟ್, ಮುಟ್ಟಿದರೆ ಶಾಕ್ ಹೊಡೆಯದು ಎಂದು ನಾವು ಹಗುರವಾಗಿ ನೋಡುತ್ತೇವೆ. ಶಾರ್ಟ್ ಆದರೆ ಅದೇ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಅದಕ್ಕೇ ಫ್ಯೂಸ್ ಬ್ಯಾಟರಿಯಿಂದ 18 ಇಂಚಿನೊಳಗೆ ಇರಬೇಕೆನ್ನುತ್ತಾರೆ. ಮೇಸ್ತ್ರಿ ಅಳತೆಯಲ್ಲಿ ಒಂದು ಮೊಳ. ಫ್ಯೂಸ್‌ಗಿಂತ ಮೊದಲಿನ ತಂತಿಯನ್ನು ಕಾಯುವವರು ಯಾರೂ ಇಲ್ಲ, ಹಾಗಾಗಿ ಅದು ಆದಷ್ಟು ಗಿಡ್ಡ ಇರಲಿ ಎಂಬುದು ಲೆಕ್ಕ.

ತಂತಿಯ ತುದಿಯನ್ನು ಅವರು ಬೆಳಕಿಗೆ ಹಿಡಿದರು. ಮೇಲೆ ತಾಮ್ರದ ಬಣ್ಣ, ಕತ್ತರಿಸಿದ ಕಡೆ ಬೆಳ್ಳಿ ಬಣ್ಣ. ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಅದೇ ದಪ್ಪದ ಅಪ್ಪಟ ತಾಮ್ರದಷ್ಟು ಕರೆಂಟನ್ನು ಇದು ತಡೆಯುವುದಿಲ್ಲ. ಅಗ್ಗದ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ.

ಇಷ್ಟಕ್ಕೇ ನನ್ನ ಮಾನ ಉಳಿಯಲಿಲ್ಲ. ಆಂಪ್ ಬಿಸಿಯಾಗಿ ಆಗಾಗ ತಾನೇ ಆಫ್ ಆಗುತ್ತೆ ಎಂದು ಅಣ್ಣ ಆಗಲೇ ಬಾಯಿಬಿಟ್ಟ. ಮೇಸ್ತ್ರಿ ಸ್ಪೀಕರ್ ತಂತಿಗೆ ಮಲ್ಟಿಮೀಟರ್ ಹಿಡಿದು ನನ್ನತ್ತ ತಿರುಗಿಸಿದರು. ಎರಡು ಓಮ್‌ಗಿಂತ ಕಡಿಮೆ. ನಾಲ್ಕು ಓಮ್‌ನ ಎರಡು ಸಬ್‌ವೂಫರ್‌ಗಳನ್ನು ನಾನು ಪ್ಯಾರಲಲ್ ಜೋಡಿಸಿದ್ದೆ, ಅಂದರೆ ಎರಡು ಓಮ್. (ಮೀಟರ್ ಯಾವಾಗಲೂ ಹೆಸರಿಗಿಂತ ತುಸು ಕಡಿಮೆಯೇ ತೋರಿಸುತ್ತದೆ.) ಆಂಪ್‌ನ ಎರಡೂ ಚಾನೆಲ್ ಸೇರಿಸಿ ಬ್ರಿಜ್ ಮಾಡಿದಾಗ ಕನಿಷ್ಠ ನಾಲ್ಕು ಓಮ್ ಇರಬೇಕೆಂದು ಅದರ ಬೆನ್ನಿನ ಮೇಲೇ ಅಚ್ಚಾಗಿತ್ತು. ಪ್ಯಾರಲಲ್ ರೆಸಿಸ್ಟೆನ್ಸ್ ಲೆಕ್ಕಕ್ಕೆ ಸೆಮಿಸ್ಟರ್‌ನಲ್ಲಿ ಪೂರ್ತಿ ಅಂಕ ತೆಗೆದವನು ನಾನೇ! ಪರೀಕ್ಷೆಯಲ್ಲಿ ರೆಸಿಸ್ಟರ್ ಬಿಸಿಯಾಗುವುದಿಲ್ಲ, ಏನು ಮಾಡೋಣ.

ಮುಂದಿನ ಎರಡು ಭಾನುವಾರ ಅವರ ಶೆಡ್‌ನಲ್ಲೇ ಕಳೆದೆ. ಮೊದಲು ನೆಗೆಟಿವ್ ಬಿಚ್ಚು, ಕೊನೆಗೆ ಅದನ್ನೇ ಹಾಕು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ತಾಮ್ರದ ತಂತಿ, ತೂತಿಗೆ ಗ್ರೊಮೆಟ್, ಅದರ ಮೇಲೆ ಕೊಳವೆ. ಅರ್ತ್ ತಂತಿಗೂ ಅದೇ ದಪ್ಪ, ಉದ್ದ ಮಾತ್ರ ಗಿಡ್ಡ. ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯುವ ತಗಡಿಗೇ ಬೋಲ್ಟ್ ಹಾಕಬೇಕು, ಸೀಟ್‌ಬೆಲ್ಟ್ ಬೋಲ್ಟ್‌ಗೆ ಮಾತ್ರ ಕೈ ಹಚ್ಚಬಾರದು. ಸ್ಟೀರಿಯೋದಿಂದ ಬರುವ ಸಿಗ್ನಲ್ ತಂತಿ ಕಾರಿನ ಇನ್ನೊಂದು ಪಕ್ಕದಲ್ಲಿ, ಇಲ್ಲದಿದ್ದರೆ ಎಂಜಿನ್ ಕೊಂಯ್‌ಗುಡುವುದೂ ಹಾಡಿನೊಳಗೆ ಸೇರಿಕೊಳ್ಳುತ್ತದೆ. ಬಾಕ್ಸನ್ನು ಡಿಕ್ಕಿಗೆ ಬಿಗಿದೆವು, ಜೋರಾಗಿ ಬ್ರೇಕ್ ಹಾಕಿದರೆ ಅದು ಸೀಟಿನ ಬೆನ್ನಿಗೆ ಗುದ್ದುವಂತಿರಬಾರದು. ಬ್ರಿಜ್ ಬಿಚ್ಚಿ, ಚಾನೆಲ್‌ಗೆ ಒಂದರಂತೆ ಸಬ್‌ವೂಫರ್ ಕೊಟ್ಟೆವು. ಈಗ ಪ್ರತಿ ಚಾನೆಲ್‌ಗೂ ನಾಲ್ಕು ಓಮ್.

ಆಂಪ್ ಡಬ್ಬಿಯ ಮೇಲೆ 2000 ವಾಟ್ ಎಂದಿತ್ತು. ಅದನ್ನು ನಂಬಿ ಎಷ್ಟು ದೊಡ್ಡ ಫ್ಯೂಸ್ ಹಾಕಲಿ ಎಂದು ಲೆಕ್ಕ ಹಾಕುತ್ತಿದ್ದವನನ್ನು ಮೇಸ್ತ್ರಿ ತಡೆದರು. ಆಂಪ್‌ನ ಫ್ಯೂಸ್‌ಗಳು ಎರಡೂ ಸೇರಿ 50 ಆಂಪಿಯರ್. ಎಂಜಿನ್ ಓಡುವಾಗಿನ 13.8 ವೋಲ್ಟ್‌ನಿಂದ ಗುಣಿಸಿದರೆ ಒಳಗೆ ಹೋಗುವುದೇ 690 ವಾಟ್, ಅದರಲ್ಲೂ ಒಂದಷ್ಟು ಶಾಖವಾಗಿ ಹಾಳು. 2000 ಎಲ್ಲಿಂದ ಬರಬೇಕು? ಬ್ಯಾಟರಿ ಬಳಿ 60ರ ಫ್ಯೂಸ್ ಹಾಕಿದೆವು, ಹೊಸ ತಾಮ್ರದ ತಂತಿ ಅದನ್ನು ಆರಾಮಾಗಿ ತಡೆಯುತ್ತದೆ. ಸಂಗೀತ ಮೊದಲಿಗಿಂತ ಸಣ್ಣದಾಯಿತೆಂದು ಅಣ್ಣ ಮುಖ ಸಣ್ಣಗೆ ಮಾಡಿದ. ಎದುರು ಮನೆಯವರಿಗೆ ಸಂತೋಷವಾಗಿರಬೇಕು.

ದೊಡ್ಡಮ್ಮ ಎರಡು ಅಮಾವಾಸ್ಯೆ ಬಸ್‌ನಲ್ಲೇ ಹೋದರು. ಮೂರನೆಯದಕ್ಕೆ ಮೊಮ್ಮಗಳನ್ನು ಎತ್ತಿಕೊಂಡು ಕಾರಿನವರೆಗೆ ಬಂದವರು ಹತ್ತದೆ ನಿಂತರು. ‘ಬಾನೆಟ್ ಎತ್ತು. ಎಲ್ಲೈತೆ ಅದು, ತೋರ್ಸು.’ ನಾನು ಫ್ಯೂಸಿನ ಪಾರದರ್ಶಕ ಡಬ್ಬಿ ತೋರಿಸಿದೆ. ಬಗ್ಗಿ ನೋಡಿದರು. ‘ಇಷ್ಟೇನಾ?’ ಎಂದರು. ಮಗುವನ್ನು ನನ್ನ ಕೈಗೆ ಕೊಟ್ಟು, ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತದೋ ಇಲ್ಲವೋ ಎಂದು ತಾವೇ ಎರಡು ಸಲ ನೋಡಿ, ಆಮೇಲೆ ಕೂತರು.