ಪೊಟ್ಟಣದ ಮೂಲೆಯ ಪುಟ್ಟ ಅಕ್ಷರ

ಪರದೇಶದಿಂದ ನೆಂಟರು ಬಂದರೆ ಸೂಟ್‌ಕೇಸಿನಿಂದ ಮೊದಲು ಹೊರಬೀಳುವುದು ಮಿಠಾಯಿ. ಚಾಕೊಲೇಟು, ಜೆಲ್ಲಿ, ಬಾಯಲ್ಲಿಟ್ಟರೆ ಹತ್ತಿಯ ಹಾಗೆ ಕರಗುವ ಮಾರ್ಷ್‌ಮ್ಯಾಲೊ. ಮಕ್ಕಳು ಕೈ ಹಾಕುವಷ್ಟರಲ್ಲಿ ಮನೆಯ ಹಿರಿಯರು ಯಾರಾದರೂ ಕೇಳಿಯೇ ಕೇಳ್ತಾರೆ, "ಇದು ನಮಗೆ ಆಗ್ತದಾ?" ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದಿರುತ್ತದೆ. ಮೀರಾ ರೋಡಿನ ನಮ್ಮ ಮನೆಯಲ್ಲಿ ಉತ್ತರ ಕೊಡುವ ಕೆಲಸ ನನ್ನದಾಗಿತ್ತು. ಪೊಟ್ಟಣ ತಿರುಗಿಸಿ, ಕನ್ನಡಕ ಏರಿಸಿ, ಮೂಲೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಹುಡುಕುತ್ತಿದ್ದೆ. ಸಿಕ್ಕಿದರೆ ಮುಗೀತು. "ಕೋಷರ್ ಅಂತ ಇದೆ ಉಮ್ಮಾ, ಯಹೂದಿಗಳೂ ಹಂದಿ ತಿನ್ನುವುದಿಲ್ಲ, ಧೈರ್ಯವಾಗಿ ತಿನ್ನಿ" ಎಂದು ಫತ್ವಾ ಕೊಟ್ಟ ಹಾಗೆ ಹೇಳಿಬಿಡುತ್ತಿದ್ದೆ.

ಎರಡು ವರ್ಷದ ಹಿಂದೆ ಈದ್‌ಗೆ ಮೊದಲು ನನ್ನ ತಂಗಿಯ ಮಗ ಷಿಕಾಗೋದಿಂದ ಬಂದ. ಅವನು ತಂದ ಮಾರ್ಷ್‌ಮ್ಯಾಲೊ ಪೊಟ್ಟಣದ ಮೇಲೆ 'ಕೆ' ಅಂತ ಒಂದೇ ಅಕ್ಷರ ಇತ್ತು. ಸುತ್ತ ಗೆರೆಯಿಲ್ಲ, ಚೌಕಟ್ಟಿಲ್ಲ. ನಾನು ಎಂದಿನಂತೆ ತೀರ್ಪು ಕೊಟ್ಟೆ, ಉಮ್ಮ ಎರಡು ತಿಂದರು. ಮರುದಿನ ಆ ಹುಡುಗನೇ ಯಾಕೋ ಸಂಶಯ ಬಂದು ಕಂಪನಿಯ ವೆಬ್‌ಸೈಟ್ ತೆರೆದು ನೋಡಿದ. ಅದರ ಜೆಲಾಟಿನ್ ಹಂದಿಯದು. ಉಮ್ಮ ಬೈಯಲಿಲ್ಲ. "ನನಗೆ ಗೊತ್ತಿರಲಿಲ್ಲ, ಅಲ್ಲಾಹು ಕ್ಷಮಿಸ್ತಾನೆ. ಆದರೆ ನಿನಗೂ ಗೊತ್ತಿರಲಿಲ್ಲ ಅಲ್ವಾ? ಹಾಗಿದ್ರೆ ಯಾಕೆ ಹೇಳಿದ್ದು?" ಅಂತ ಕೇಳಿದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು. ಆಮೇಲೆ ಕೂತು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ಆಲಿಮ್ ಅಲ್ಲ. ಲೇಬಲ್ ಓದುವುದು ಹೇಗೆ ಎಂಬಷ್ಟನ್ನು ಹೇಳಬಲ್ಲೆ, ಹುಕುಂ ಕೇಳಬೇಕಾದದ್ದು ನಿಮ್ಮ ಉಸ್ತಾದರನ್ನು.

ಮೊದಲು ಕೋಷರ್ ಅಂದರೇನು? ಯಹೂದಿ ಧರ್ಮಶಾಸ್ತ್ರಕ್ಕೆ ಒಪ್ಪಿಗೆಯಾದ ಆಹಾರ. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು, ಅಂಥ ಪ್ರಾಣಿ ಮಾತ್ರ ಆಗುತ್ತದೆ. ಹಂದಿಗೆ ಗೊರಸು ಸೀಳಿದೆ, ಆದರೆ ಮೆಲುಕು ಹಾಕುವುದಿಲ್ಲ. ಒಂಟೆ ಮೆಲುಕು ಹಾಕುತ್ತದೆ, ಅವರ ಲೆಕ್ಕದಲ್ಲಿ ಗೊರಸು ಸೀಳಿಲ್ಲ. ಹಾಗಾಗಿ ನಮಗೆ ಆಗುವ ಒಂಟೆ ಅವರಿಗೆ ಆಗುವುದಿಲ್ಲ. ಮೀನಿಗೆ ಈಜುರೆಕ್ಕೆಯೂ ಹುರುಪೆಯೂ ಇರಬೇಕು. ಸಿಗಡಿ, ಏಡಿ, ಮರುವಾಯಿ ಯಾವುದೂ ಇಲ್ಲ (ಕರಾವಳಿಯವರಾದ ನಮಗೆ ಇದನ್ನು ಕೇಳಿದರೇ ಸಂಕಟ). ಪ್ರಾಣಿಯನ್ನು ತರಬೇತಾದವನೇ ಕೊಯ್ಯಬೇಕು, ರಕ್ತ ಹೋಗಬೇಕು. ಇಷ್ಟರವರೆಗೆ ಅಣ್ಣತಮ್ಮಂದಿರ ಮನೆಯ ಹಾಗೆ ಇದೆ. ಮುಂದಿನದು ಬೇರೆ: ಮಾಂಸವನ್ನೂ ಹಾಲನ್ನೂ ಅವರು ಎಂದೂ ಕೂಡಿಸುವುದಿಲ್ಲ, ಪಾತ್ರೆ ಕೂಡ ಬೇರೆ ಬೇರೆ. ಮೊಸರಲ್ಲಿ ನೆನೆಸಿದ ಬಿರಿಯಾನಿ ಅವರ ಅಡುಗೆಮನೆಯಲ್ಲಿ ಸಾಧ್ಯವೇ ಇಲ್ಲ.

ಲೇಬಲ್ಲಿನ ಮುದ್ರೆಯ ಕಥೆ ನೂರು ವರ್ಷದ್ದು. ನ್ಯೂಯಾರ್ಕಿನ ಆರ್ಥಡಾಕ್ಸ್ ಯೂನಿಯನ್ ಎಂಬ ಸಂಸ್ಥೆ 1920ರ ದಶಕದಲ್ಲಿ ಕಾರ್ಖಾನೆಯ ಆಹಾರಕ್ಕೆ ಪ್ರಮಾಣಪತ್ರ ಕೊಡತೊಡಗಿತು. 1923ರಲ್ಲಿ ಹೈಂಜ್ ಕಂಪನಿಯ ಸಸ್ಯಾಹಾರಿ ಬೀನ್ಸ್ ಡಬ್ಬಿಗೆ ಅದರ ಒಪ್ಪಿಗೆ ಸಿಕ್ಕಿತು. ವೃತ್ತದೊಳಗೆ 'ಯು' ಅಕ್ಷರ ಇರುವುದು ಇವರ ಮುದ್ರೆ. ವೃತ್ತದೊಳಗೆ 'ಕೆ' ಇದ್ದರೆ ಓಕೆ ಎಂಬ ಮತ್ತೊಂದು ಸಂಸ್ಥೆಯದು. ನಕ್ಷತ್ರದೊಳಗೆ 'ಕೆ' ಇದ್ದರೆ ಸ್ಟಾರ್-ಕೆ. ಲಂಡನ್ನಿನಿಂದ ಬಂದದ್ದರ ಮೇಲೆ 'ಕೆಎಲ್‌ಬಿಡಿ' ಎಂದಿರಬಹುದು. ಇವೆಲ್ಲ ನೋಂದಾಯಿತ ಗುರುತುಗಳು, ಬೇರೆಯವರು ಬಳಸಿದರೆ ಮೊಕದ್ದಮೆ ಆಗುತ್ತದೆ. ಇವರ ಕಡೆಯವರು ಕಾರ್ಖಾನೆಗೇ ಹೋಗಿ ಯಾವ ಸಾಮಗ್ರಿ ಎಲ್ಲಿಂದ ಬಂತು, ಯಾವ ಹಂಡೆಯಲ್ಲಿ ಮೊದಲು ಏನು ಬೇಯಿಸಿದ್ದರು ಎಂದೆಲ್ಲ ನೋಡುತ್ತಾರೆ.

ನಾನು ಎಡವಿದ್ದು ಎಲ್ಲಿ ಅಂದರೆ, ಬರೀ 'ಕೆ' ಯಾರ ಗುರುತೂ ಅಲ್ಲ. ವರ್ಣಮಾಲೆಯ ಒಂದು ಅಕ್ಷರವನ್ನು ಯಾರೂ ತಮ್ಮದೆಂದು ನೋಂದಾಯಿಸಲಾಗದು. ಆದ್ದರಿಂದ ಕಂಪನಿ ಯಾವುದೋ ಒಬ್ಬ ರಬ್ಬಿಯ ಒಪ್ಪಿಗೆ ಪಡೆದು ಅದನ್ನು ಹಾಕಿರಬಹುದು, ತಾನೇ ಹಾಕಿಕೊಂಡಿರಲೂಬಹುದು. ಆ ರಬ್ಬಿ ಯಾರು, ಅವರ ಅಭಿಪ್ರಾಯವೇನು ಎಂದು ಪೊಟ್ಟಣ ಹೇಳುವುದಿಲ್ಲ.

ಇಲ್ಲೇ ಜೆಲಾಟಿನ್ನಿನ ಗಂಟು ಇರುವುದು. ಪ್ರಾಣಿಯ ಚರ್ಮ, ಮೂಳೆಗಳನ್ನು ಆಮ್ಲದಲ್ಲೋ ಸುಣ್ಣದಲ್ಲೋ ನೆನೆಸಿ, ಬೇಯಿಸಿ, ಸೋಸಿ, ಒಣಗಿಸಿ ತೆಗೆಯುವ ಪುಡಿ ಅದು. ಜೆಲ್ಲಿ ನಡುಗುವುದು, ಮಾರ್ಷ್‌ಮ್ಯಾಲೊ ಪುಟಿಯುವುದು ಅದರಿಂದಲೇ. ಕಳೆದ ಶತಮಾನದಲ್ಲಿ ಕೆಲವು ರಬ್ಬಿಗಳು ವಾದಿಸಿದರು: ಇಷ್ಟೆಲ್ಲ ಆದ ಮೇಲೆ ಅದು ಮಾಂಸವಾಗಿ ಉಳಿದಿಲ್ಲ, ಹೊಸ ವಸ್ತುವೇ ಆಗಿದೆ, ಹಂದಿಯದಾದರೂ ಅಡ್ಡಿಯಿಲ್ಲ. ಬಹುತೇಕ ದೊಡ್ಡ ಸಂಸ್ಥೆಗಳು ಇದನ್ನು ಒಪ್ಪಲಿಲ್ಲ. ಆರ್ಥಡಾಕ್ಸ್ ಯೂನಿಯನ್‌ನವರು ಕೋಷರ್ ರೀತಿಯಲ್ಲಿ ಕೊಯ್ದ ದನದ ಅಥವಾ ಕೋಷರ್ ಮೀನಿನ ಜೆಲಾಟಿನ್ನಿಗೆ ಮಾತ್ರ ಮುದ್ರೆ ಕೊಡುತ್ತಾರೆ. ಬರೀ 'ಕೆ' ಇರುವ ಪೊಟ್ಟಣಗಳಲ್ಲಿ ಆ ಮೊದಲಿನ ಸಡಿಲ ವಾದ ಇನ್ನೂ ಬದುಕಿದೆ. ನಮ್ಮ ಫಿಕ್‌ಹ್ ಓದಿದವರಿಗೆ ಈ ಚರ್ಚೆ ಹೊಸದೆನಿಸದು. ವಸ್ತು ಪೂರ್ತಿ ಬದಲಾದರೆ ಅದರ ಹುಕುಂ ಬದಲಾಗುತ್ತದೆಯೇ ಎಂಬ ಇಸ್ತಿಹಾಲದ ಪ್ರಶ್ನೆಯೇ ಅದು. ಅಲ್ಲೂ ಇಲ್ಲೂ ವಿದ್ವಾಂಸರು ಒಂದೇ ಗಂಟನ್ನು ಹಿಡಿದು ಎಳೆದಾಡುತ್ತಿದ್ದಾರೆ.

ಸರಿ, ವೃತ್ತದೊಳಗಿನ 'ಯು' ಇದೆ ಅಂದುಕೊಳ್ಳಿ. ಅದರ ಪಕ್ಕದಲ್ಲಿ ಇನ್ನೊಂದು ಅಕ್ಷರ ಇರಬಹುದು. 'ಡಿ' ಅಂದರೆ ಹಾಲಿದೆ, ಅಥವಾ ಹಾಲು ಮುಟ್ಟಿದ ಯಂತ್ರದಲ್ಲಿ ತಯಾರಾಗಿದೆ. 'ಪಾರೆವೆ' ಎಂದು ಬರೆದಿದ್ದರೆ ಹಾಲೂ ಇಲ್ಲ, ಮಾಂಸವೂ ಇಲ್ಲ. ಆದರೆ 'ಪಿ' ಅಂದರೆ ಪಾರೆವೆ ಅಲ್ಲ! ಅದು ಪೆಸಾಹ್ ಹಬ್ಬದ ಗುರುತು. ಆ ದಿನಗಳಲ್ಲಿ ಅವರು ಹುದುಗು ಬಂದ ಗೋಧಿ, ಬಾರ್ಲಿ ಯಾವುದನ್ನೂ ಮುಟ್ಟುವುದಿಲ್ಲ. ಯುರೋಪ್ ಮೂಲದ ಯಹೂದಿಗಳು ಮೆಕ್ಕೆಜೋಳವನ್ನೂ ಬಿಡುತ್ತಾರೆ. ಅದಕ್ಕೇ ಅಮೆರಿಕದಲ್ಲಿ ಆ ಹಬ್ಬದ ಹೊತ್ತಿಗೆ ಜೋಳದ ಸಿರಪ್ಪಿನ ಬದಲು ಸಕ್ಕರೆ ಹಾಕಿದ ಕೋಕಾಕೋಲ ಹಳದಿ ಮುಚ್ಚಳದಲ್ಲಿ ಬರುತ್ತದೆ. ಅದು ಹೆಚ್ಚು ರುಚಿ ಅಂತ ಹುಡುಕಿಕೊಂಡು ಹೋಗುವವರೂ ಇದ್ದಾರಂತೆ. ವೃತ್ತದೊಳಗೆ 'ಆರ್' ಇದ್ದರೆ ಅದು ಟ್ರೇಡ್‌ಮಾರ್ಕಿನ ಗುರುತು ಅಷ್ಟೇ. ನಮ್ಮ ಪಕ್ಕದ ಫ್ಲಾಟಿನವರು ಅದನ್ನೂ ಒಂದು ಪ್ರಮಾಣಪತ್ರವೆಂದೇ ನಂಬಿದ್ದರು.

ಹಾಲಿನ ಅಲರ್ಜಿ ಇರುವ ಮಕ್ಕಳ ತಾಯಂದಿರಿಗೆ ಒಂದು ಮಾತು. 'ಪಾರೆವೆ' ನೋಡಿ ನಿಶ್ಚಿಂತರಾಗಬೇಡಿ. ಅದು ಧರ್ಮದ ಲೆಕ್ಕ, ವೈದ್ಯರ ಲೆಕ್ಕವಲ್ಲ. ಕಪ್ಪು ಚಾಕೊಲೇಟಿನಲ್ಲಿ ಹಾಲಿನ ಲವಲೇಶ ಉಳಿದಿರಬಹುದು. ಅಲರ್ಜಿಯ ಎಚ್ಚರಿಕೆ ಬೇರೆ ಸಾಲಿನಲ್ಲಿರುತ್ತದೆ, ಅದನ್ನೇ ಓದಬೇಕು.

ಇನ್ನು ನಮಗೆ ದೊಡ್ಡ ವ್ಯತ್ಯಾಸ: ಮದ್ಯ. ಕೋಷರ್ ನಿಯಮದಲ್ಲಿ ಮದ್ಯ ನಿಷಿದ್ಧವಲ್ಲ. ದ್ರಾಕ್ಷಿಯದಾದರೆ ಅದಕ್ಕೆ ಪ್ರತ್ಯೇಕ ಕಟ್ಟಳೆ ಇದೆ, ಉಳಿದಂತೆ ರಮ್ ತುಂಬಿದ ಚಾಕೊಲೇಟಿಗೂ ಮುದ್ರೆ ಸಿಗಬಹುದು. ಹಾಗಾಗಿ ಒಳಗೆ ಏನಾದರೂ ತುಂಬಿದ ಚಾಕೊಲೇಟಾದರೆ ಸಾಮಗ್ರಿಗಳ ಪಟ್ಟಿಯನ್ನು ಎರಡು ಸಲ ಓದಿ: ರಮ್, ಬ್ರಾಂದಿ, ಲಿಕ್ಯೂರ್, ಕಿರ್ಶ್. ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಎಂದಿದ್ದರೆ ಅಮೆರಿಕದ ಕಾನೂನಿನಂತೆ ಆ ಸಾರದಲ್ಲಿ ಕನಿಷ್ಠ 35 ಶೇಕಡಾ ಆಲ್ಕೊಹಾಲ್ ಇರಲೇಬೇಕು. ಮಿಠಾಯಿಗೆ ಬೀಳುವುದು ಕೆಲವು ಹನಿ, ಅದರಲ್ಲೂ ಬೇಯುವಾಗ ಸ್ವಲ್ಪ ಹಾರಿಹೋಗುತ್ತದೆ. ಇದನ್ನು ಒಪ್ಪುವ ಆಲಿಮರೂ ಇದ್ದಾರೆ, ಒಪ್ಪದವರೂ ಇದ್ದಾರೆ.

ಬಣ್ಣದ ವಿಷಯದಲ್ಲಿ ಕೋಷರ್ ಮುದ್ರೆ ನಮಗೆ ಉಪಕಾರವನ್ನೇ ಮಾಡುತ್ತದೆ. ಕೆಂಪು ಜೆಲ್ಲಿಯ ಕಾರ್ಮೈನ್ ಬಣ್ಣ, ಅಂದರೆ ಪಟ್ಟಿಯಲ್ಲಿ 120 ಎಂದು ಬರುವುದು, ಕಳ್ಳಿಯ ಮೇಲೆ ಬದುಕುವ ಒಂದು ಹುಳುವನ್ನು ಒಣಗಿಸಿ ತೆಗೆದದ್ದು. ದೊಡ್ಡ ಕೋಷರ್ ಸಂಸ್ಥೆಗಳು ಅದನ್ನು ಬಿಡುವುದಿಲ್ಲ. 471 ಎಂಬ ಎಮಲ್ಸಿಫೈಯರ್ ಕೊಬ್ಬಿನಿಂದ ಬರುತ್ತದೆ. ಅದು ತಾಳೆ ಎಣ್ಣೆಯದೋ ಪ್ರಾಣಿಯದೋ ಎಂದು ಆ ಸಂಖ್ಯೆ ಹೇಳುವುದಿಲ್ಲ, ಮುದ್ರೆ ಇದ್ದರೆ ಯಾರೋ ವಿಚಾರಿಸಿದ್ದಾರೆ ಎಂದರ್ಥ. ಓರಿಯೋ ಬಿಸ್ಕತ್ತಿನ ಕೆನೆಯಲ್ಲಿ ಒಂದು ಕಾಲದಲ್ಲಿ ಹಂದಿಯ ಕೊಬ್ಬು ಇತ್ತು. 1990ರ ದಶಕದಲ್ಲಿ ಅದನ್ನು ತೆಗೆದು ಸಸ್ಯದ ಕೊಬ್ಬು ಹಾಕಿದ ಮೇಲೆಯೇ ಅಮೆರಿಕದಲ್ಲಿ ಅದಕ್ಕೆ ಕೋಷರ್ ಮುದ್ರೆ ಸಿಕ್ಕಿದ್ದು.

ಬ್ರಾಂಡಿನ ಹೆಸರು ನಂಬಿ ಕೊಳ್ಳುವುದೂ ಅಪಾಯವೇ. ಹರಿಬೋ ಕಂಪನಿಯ ಜರ್ಮನಿಯ ಜೆಲ್ಲಿಯಲ್ಲಿ ಹೆಚ್ಚಾಗಿ ಹಂದಿಯ ಜೆಲಾಟಿನ್, ಅದೇ ಕಂಪನಿಯ ಟರ್ಕಿಯ ಕಾರ್ಖಾನೆಯಲ್ಲಿ ಹಲಾಲ್ ದನದ್ದು. ಚಿತ್ರ ಒಂದೇ, ಕರಡಿಯ ಆಕಾರ ಒಂದೇ. ಯಾವ ದೇಶದಲ್ಲಿ ತಯಾರಾಯಿತು ಎಂಬ ಸಣ್ಣ ಸಾಲನ್ನು ಓದದೆ ದಾರಿಯಿಲ್ಲ.

ನಮ್ಮ ದೇಶದ ಅಂಗಡಿಯಲ್ಲಿ ಕೊಳ್ಳುವಾಗ ಕೆಲಸ ಸುಲಭ. ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಇದ್ದರೆ ಜೆಲಾಟಿನ್ ಆಗಲಿ ಪ್ರಾಣಿಯ ಕೊಬ್ಬಾಗಲಿ ಇರಕೂಡದು. ಹಾಲು, ಜೇನು, ಅರಗಿನ ಹೊಳಪಿಗೆ ಮಾತ್ರ ವಿನಾಯಿತಿ. 2020ರ ಲೇಬಲ್ ನಿಯಮದ ನಂತರ ಮಾಂಸಾಹಾರದ ಗುರುತು ಕಂದು ಚುಕ್ಕೆಯ ಬದಲು ಕಂದು ತ್ರಿಕೋನ. ವಿದೇಶಿ ಮಿಠಾಯಿಗೂ ಆಮದು ಮಾಡಿದವರ ಚೀಟಿ ಅಂಟಿಸಿರಬೇಕು, ಅದರಲ್ಲಿ ಈ ಗುರುತೂ ಲೈಸೆನ್ಸ್ ನಂಬರೂ ಇರುತ್ತವೆ. ಕ್ರಾಫರ್ಡ್ ಮಾರ್ಕೆಟಿನ ಕಡೆ ಚೀಟಿಯೇ ಇಲ್ಲದ ಪೊಟ್ಟಣ ಸಿಕ್ಕಿದರೆ, ಅದು ಯಾರದೋ ಸೂಟ್‌ಕೇಸಿನಲ್ಲಿ ಬಂದದ್ದು ಅಂತ ತಿಳಿಯಿರಿ. ಹಸಿರು ಚುಕ್ಕೆ ಮದ್ಯದ ಬಗ್ಗೆ ಏನೂ ಹೇಳುವುದಿಲ್ಲ ಎಂಬುದೂ ನೆನಪಿರಲಿ.

ಯಹೂದಿಗಳು ಒಪ್ಪಿದ್ದು ನಮಗೆ ಯಾಕೆ ಎಂದು ಕೇಳುವವರಿದ್ದಾರೆ. ಗ್ರಂಥ ನೀಡಲ್ಪಟ್ಟವರ ಆಹಾರ ನಿಮಗೆ ಸಮ್ಮತ, ನಿಮ್ಮದು ಅವರಿಗೆ ಸಮ್ಮತ ಎಂಬ ಅರ್ಥದ ಮಾತು ಕುರ್‌ಆನಿನ ಐದನೆಯ ಅಧ್ಯಾಯದ ಐದನೆಯ ಸೂಕ್ತದಲ್ಲಿದೆ. ಈ ಮುಂಬೈಯಲ್ಲೇ ಇದಕ್ಕೆ ಹಳೆಯ ನಂಟು ಇದೆ. ನಾವು ದಿನಾ ಇಳಿಯುವ ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದದ್ದು ಮುಸ್ಲಿಮರ ಮಸೀದಿಯಿಂದಲ್ಲ, ಹತ್ತಿರದ ಬೆನೆ ಇಸ್ರೇಲಿಗಳ ಸಿನಗಾಗಿನಿಂದ ಎನ್ನುತ್ತಾರೆ. 1796ರಲ್ಲಿ ಅದನ್ನು ಕಟ್ಟಿಸಿದ ಸ್ಯಾಮುಯೆಲ್ ದಿವೇಕರ್ ಕಂಪನಿ ಸರ್ಕಾರದ ಸೇನೆಯಲ್ಲಿದ್ದವರು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆ ಸಿಕ್ಕಿದ್ದವರು. ಇವರು ಬನೀ ಇಸ್ರಾಈಲರು, ಕುರ್‌ಆನಿನಲ್ಲಿ ಹೆಸರಿರುವವರು ಎಂದು ಟಿಪ್ಪುವಿನ ತಾಯಿ ಹೇಳಿ ಅವರ ಜೀವ ಉಳಿಸಿದರು ಎಂಬ ಕಥೆಯನ್ನು ಆ ಸಮುದಾಯದವರು ಇಂದಿಗೂ ಹೇಳುತ್ತಾರೆ. ಹೊಸ ವರ್ಷಕ್ಕೆ ಅವರು ಗೋಧಿಯ ಹಾಲು, ತೆಂಗಿನ ಹಾಲು ಕಾಯಿಸಿ ಹಲ್ವಾ ಮಾಡುತ್ತಾರೆ. ನಮ್ಮ ಊರಿನ ಹಾಲುಬಾಯಿಯ ಅಕ್ಕನ ಹಾಗಿದೆ ಅದು.

ಕೋಷರ್ ಮುದ್ರೆಯಿಂದ ಬೆಲೆ ಏರುತ್ತದೆ, ಆ ದುಡ್ಡು ಎಲ್ಲಿಗೋ ಹೋಗುತ್ತದೆ ಎಂಬ ಸುಳ್ಳು ಅಮೆರಿಕದಲ್ಲಿ ದಶಕಗಳಿಂದ ಓಡುತ್ತಿದೆ. ಅದನ್ನೇ ಹೆಸರು ಬದಲಿಸಿ ಇಲ್ಲಿ ಹಲಾಲ್ ಬಗ್ಗೆ ಹೇಳುತ್ತಿದ್ದಾರೆ. 2023ರ ನವೆಂಬರಿನಲ್ಲಿ ಉತ್ತರ ಪ್ರದೇಶ ಸರ್ಕಾರ ಹಲಾಲ್ ಪ್ರಮಾಣಪತ್ರವಿರುವ ಆಹಾರದ ತಯಾರಿ, ದಾಸ್ತಾನು, ಮಾರಾಟವನ್ನು ನಿಷೇಧಿಸಿತು. ರಫ್ತಿಗೆ ಮಾತ್ರ ಅಡ್ಡಿಯಿಲ್ಲ. ತಿನ್ನುವವನಿಗೆ ತಾನು ಏನು ತಿನ್ನುತ್ತೇನೆ ಎಂದು ತಿಳಿಯುವ ಹಕ್ಕಿಲ್ಲವೇ ಎಂಬುದಷ್ಟೇ ನನ್ನ ಪ್ರಶ್ನೆ. ಹಲಾಲ್ ಎಂದು ಬರೆಯುವುದು ಕಷ್ಟವಾದಷ್ಟೂ ನಾವು ಪರೋಕ್ಷ ಗುರುತುಗಳನ್ನು ಓದಲು ಕಲಿಯಬೇಕಾಗುತ್ತದೆ.

ಅಮೆರಿಕದ ಪೊಟ್ಟಣದ ಮೇಲೆ ಅರ್ಧಚಂದ್ರದ ಜೊತೆ 'ಎಂ' ಅಕ್ಷರ ಇದ್ದರೆ ಅದು ಇಫಾಂಕಾ ಎಂಬ ಸಂಸ್ಥೆಯ ಹಲಾಲ್ ಮುದ್ರೆ, ಆಗ ಈ ತಲೆನೋವು ಬಹಳಷ್ಟು ಕಡಿಮೆ. ಇಲ್ಲದಿದ್ದರೆ ದೊಡ್ಡ ಕೋಷರ್ ಸಂಸ್ಥೆಯ ಮುದ್ರೆ ನೋಡಿ, ಮದ್ಯ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಸಂಶಯ ಬಂದರೆ ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಉತ್ಪನ್ನದ ಹೆಸರು ಹಾಕಿ ನೋಡಿ, ಅನುಮತಿಯಿಲ್ಲದೆ ಮುದ್ರೆ ಬಳಸಿದವರ ಬಗ್ಗೆ ಅವರೇ ಎಚ್ಚರಿಕೆ ಹಾಕುತ್ತಿರುತ್ತಾರೆ. ನಮ್ಮ ಹುಡುಗ ಈಗ ಅಂಗಡಿಯಿಂದಲೇ ಪೊಟ್ಟಣದ ಹಿಂಬದಿಯ ಫೋಟೋ ಕಳಿಸುತ್ತಾನೆ. ಕಳೆದ ಈದ್‌ಗೆ ಮೀನಿನ ಜೆಲಾಟಿನ್ನಿನ ಮಾರ್ಷ್‌ಮ್ಯಾಲೊ ಬಂತು, ವೃತ್ತದೊಳಗೆ 'ಯು' ಸ್ಪಷ್ಟವಾಗಿತ್ತು. ಉಮ್ಮ ಪೊಟ್ಟಣವನ್ನು ನನ್ನ ಕೈಗೆ ಕೊಡಲಿಲ್ಲ, ಮೊಮ್ಮಗನ ಕೈಗೆ ಕೊಟ್ಟು, "ನೀನೇ ಓದು ಮಗಾ" ಅಂದರು.