ಉಗಿಯಂತ್ರವೂ ಪಾರ್ಲಿಮೆಂಟೂ

ಹೊಸ ಯಂತ್ರವು ಕುಶಲಕರ್ಮಿಯ ಕಾರ್ಯಾಗಾರದಲ್ಲಿ ಹುಟ್ಟುತ್ತದೆ. ಆದರೆ ಅದರ ಮೇಲಿನ ಹಕ್ಕು ಯಾರದು, ಆ ಹಕ್ಕು ಎಷ್ಟು ಕಾಲ ಇರಬೇಕು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ದೊರೆಯುವುದಿಲ್ಲ. ಅವುಗಳನ್ನು ತೀರ್ಮಾನಿಸುವವು ಶಾಸನಸಭೆ ಮತ್ತು ನ್ಯಾಯಾಲಯಗಳು. ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಉಗಿಯಂತ್ರದ ಹಕ್ಕಿಗಾಗಿ ನಡೆದ ದೀರ್ಘ ಹೋರಾಟವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಗಣಿಗಳ ಆಳದಲ್ಲಿ ಒಸರುವ ನೀರನ್ನು ಮೇಲೆತ್ತಲು ಥಾಮಸ್ ನ್ಯೂಕೊಮೆನ್ ಎಂಬಾತನು 1712ರಲ್ಲಿಯೇ ಉಗಿಯಂತ್ರವೊಂದನ್ನು ನಿರ್ಮಿಸಿದ್ದನು. ಅದರ ಸಿಲಿಂಡರಿನೊಳಗೆ ಉಗಿಯನ್ನು ತುಂಬಿ, ಅನಂತರ ಅಲ್ಲಿಗೇ ತಣ್ಣೀರನ್ನು ಚಿಮ್ಮಿಸಿ ಉಗಿಯನ್ನು ನೀರಾಗಿಸುತ್ತಿದ್ದರು. ಆಗ ಉಂಟಾಗುವ ನಿರ್ವಾತದಿಂದಾಗಿ ಹೊರಗಿನ ವಾಯುವಿನ ಒತ್ತಡವು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತಿತ್ತು. ಪ್ರತಿ ಸಲವೂ ತಣ್ಣಗಾದ ಸಿಲಿಂಡರನ್ನು ಮತ್ತೆ ಬಿಸಿಮಾಡಬೇಕಾಗಿದ್ದುದರಿಂದ ಕಲ್ಲಿದ್ದಲು ವಿಪರೀತವಾಗಿ ವ್ಯಯವಾಗುತ್ತಿತ್ತು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳನ್ನು ತಯಾರಿಸುತ್ತಿದ್ದ ಜೇಮ್ಸ್ ವ್ಯಾಟನು 1765ರಲ್ಲಿ ಇದಕ್ಕೆ ಪರಿಹಾರವನ್ನು ಕಂಡುಕೊಂಡನು. ಉಗಿಯನ್ನು ಬೇರೊಂದು ಪಾತ್ರೆಗೆ ಹಾಯಿಸಿ ಅಲ್ಲಿ ತಣಿಸಿದರೆ ಸಿಲಿಂಡರು ಸದಾ ಬಿಸಿಯಾಗಿಯೇ ಉಳಿಯುವುದೆಂದು ಅವನಿಗೆ ಹೊಳೆಯಿತು. ಈ ಪಾತ್ರೆಗೆ ಸಾಂದ್ರಕವೆಂದು ಹೆಸರು.

1769ರಲ್ಲಿ ವ್ಯಾಟನು ತನ್ನ ಶೋಧಕ್ಕೆ ಪೇಟೆಂಟ್ ಪಡೆದನು. ಪೇಟೆಂಟ್ ಎಂದರೆ ಒಂದು ಶೋಧವನ್ನು ನಿಗದಿಯಾದ ಕಾಲದವರೆಗೆ ಶೋಧಕನ ಅನುಮತಿಯಿಲ್ಲದೆ ಇತರರು ಬಳಸಬಾರದೆಂಬ ಹಕ್ಕುಪತ್ರ. ಹಿಂದೆ ದೊರೆಗಳು ತಮಗೆ ಬೇಕಾದವರಿಗೆ ವ್ಯಾಪಾರದ ಏಕಸ್ವಾಮ್ಯವನ್ನು ದಯಪಾಲಿಸುತ್ತಿದ್ದರು. ಇದರಿಂದ ಬೇಸತ್ತ ಪಾರ್ಲಿಮೆಂಟು 1624ರ ಶಾಸನದಿಂದ ಅಂತಹ ಏಕಸ್ವಾಮ್ಯಗಳನ್ನು ನಿಷೇಧಿಸಿತು. ಹೊಸ ಶೋಧಗಳಿಗೆ ಮಾತ್ರ 14 ವರ್ಷಗಳ ವಿನಾಯಿತಿ ದೊರೆಯಿತು. ಅದರಂತೆ ವ್ಯಾಟನ ಹಕ್ಕು 1783ಕ್ಕೆ ಕೊನೆಗೊಳ್ಳಬೇಕಾಗಿತ್ತು.

ಆದರೆ ಶೋಧವನ್ನು ಯಂತ್ರವಾಗಿಸುವುದು ಸುಲಭವಾಗಿರಲಿಲ್ಲ. ಹಣದ ಅಭಾವದಿಂದ ವ್ಯಾಟನು ಕಾಲುವೆಗಳ ಮೋಜಣಿ ಮಾಡಿ ಜೀವನ ಸಾಗಿಸಬೇಕಾಯಿತು. ಅವನ ಪಾಲುದಾರನಾದ ಜಾನ್ ರೋಬಕ್ ದಿವಾಳಿಯಾದಾಗ, ಅವನ ಪಾಲು ಬರ್ಮಿಂಗ್‌ಹ್ಯಾಮಿನ ಉದ್ಯಮಿ ಮ್ಯಾಥ್ಯೂ ಬೋಲ್ಟನ್ನನ ಕೈಸೇರಿತು. 1774ರಲ್ಲಿ ವ್ಯಾಟನು ಬರ್ಮಿಂಗ್‌ಹ್ಯಾಮಿಗೆ ಬಂದು ನೆಲೆಸಿದನು. ಕಾರ್ಖಾನೆಗೆ ಅಪಾರ ಬಂಡವಾಳ ಬೇಕು. ಪೇಟೆಂಟಿನ ಅವಧಿಯಲ್ಲಿ ಉಳಿದಿರುವುದೋ ಎಂಟೇ ವರ್ಷ. ಲಾಭ ಕೈಗೆ ಬರುವ ಮುನ್ನವೇ ಹಕ್ಕು ಮುಗಿದುಹೋದರೆ ಗತಿಯೇನೆಂದು ಪಾಲುದಾರರಿಬ್ಬರೂ ಚಿಂತಿಸಿದರು. ಅವಧಿಯನ್ನು ವಿಸ್ತರಿಸಬೇಕೆಂದು ಪಾರ್ಲಿಮೆಂಟನ್ನು ಬೇಡುವುದೇ ಉಳಿದ ದಾರಿಯಾಗಿತ್ತು.

ಈ ಕಾರ್ಯದಲ್ಲಿ ಬೋಲ್ಟನ್ ಪಳಗಿದ್ದನು. ಬರ್ಮಿಂಗ್‌ಹ್ಯಾಮಿನಲ್ಲಿಯೇ ಬೆಳ್ಳಿಯ ಒಡವೆಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವ ಕಚೇರಿ ಸ್ಥಾಪನೆಯಾಗಬೇಕೆಂದು ಆತ ಹಿಂದೆ ಸದಸ್ಯರ ಬೆಂಬಲವನ್ನು ಕೋರಿದ್ದನು. ಲಂಡನ್ನಿನ ಅಕ್ಕಸಾಲಿಗರ ವಿರೋಧವಿದ್ದರೂ 1773ರಲ್ಲಿ ಅದಕ್ಕೆ ಶಾಸನವಾಗಿತ್ತು. 1775ರ ಆರಂಭದಲ್ಲಿ ವ್ಯಾಟನ ಮನವಿಯು ಕಾಮನ್ಸ್ ಸಭೆಯ ಮುಂದೆ ಬಂದಿತು. ಬ್ರಿಸ್ಟಲ್ ನಗರದ ಪ್ರತಿನಿಧಿಯೂ ಮಹಾವಾಗ್ಮಿಯೂ ಆದ ಎಡ್ಮಂಡ್ ಬರ್ಕ್ ಅದನ್ನು ವಿರೋಧಿಸಿದನು. ಇದು ಏಕಸ್ವಾಮ್ಯವನ್ನು ಪೋಷಿಸುವ ಕ್ರಮವೆಂಬುದು ಅವನ ಆಕ್ಷೇಪಣೆಯಾಗಿತ್ತು. ಆದರೂ ಮಸೂದೆಯು ಅಂಗೀಕೃತವಾಗಿ, ಅದೇ ವರ್ಷದ ಮೇ ತಿಂಗಳಿನಲ್ಲಿ ದೊರೆಯ ಸಮ್ಮತಿಯನ್ನು ಪಡೆಯಿತು. ವ್ಯಾಟನ ಹಕ್ಕು 1800ರವರೆಗೆ ಮುಂದುವರಿಯಿತು.

ಈ ಭರವಸೆ ದೊರೆತ ಮೇಲೆ ಕಾರ್ಯವು ಭರದಿಂದ ಸಾಗಿತು. 1776ರಲ್ಲಿ ಮೊದಲ ಯಂತ್ರಗಳು ಕೆಲಸ ಮಾಡತೊಡಗಿದವು. ತಾಮ್ರ ಮತ್ತು ತವರದ ಗಣಿಗಳಿಂದ ತುಂಬಿದ ಕಾರ್ನ್‌ವಾಲ್ ಪ್ರಾಂತದಲ್ಲಿ ಅವುಗಳಿಗೆ ಬೇಡಿಕೆ ಹೆಚ್ಚಿತು. ಏಕೆಂದರೆ ಅಲ್ಲಿಗೆ ಕಲ್ಲಿದ್ದಲನ್ನು ಸಮುದ್ರಮಾರ್ಗವಾಗಿ ತರಿಸಬೇಕಾಗಿತ್ತು. ಹಳೆಯ ಯಂತ್ರಕ್ಕಿಂತ ಎಷ್ಟು ಕಲ್ಲಿದ್ದಲು ಉಳಿತಾಯವಾಗುವುದೋ ಅದರ ಬೆಲೆಯ ಮೂರನೆಯ ಒಂದು ಭಾಗವನ್ನು ಗಣಿಯವರು ಬೋಲ್ಟನ್ ಮತ್ತು ವ್ಯಾಟರಿಗೆ ಸಲ್ಲಿಸಬೇಕಾಗಿತ್ತು. ಮೊದಲು ಹರ್ಷದಿಂದ ಒಪ್ಪಿದವರಿಗೇ ವರ್ಷ ವರ್ಷವೂ ತೆರುವ ಈ ಹಣ ಹೊರೆಯೆನಿಸಿತು.

ಕಾರ್ನ್‌ವಾಲಿನ ಜೊನಾಥನ್ ಹಾರ್ನ್‌ಬ್ಲೋವರ್ ಎಂಬ ಶಿಲ್ಪಿಯು ಎರಡು ಸಿಲಿಂಡರುಗಳ ಉಗಿಯಂತ್ರವನ್ನು ರಚಿಸಿ 1781ರಲ್ಲಿ ಪೇಟೆಂಟ್ ಪಡೆದನು. 1792ರಲ್ಲಿ ಆತನೂ ಅವಧಿಯ ವಿಸ್ತರಣೆಗಾಗಿ ಪಾರ್ಲಿಮೆಂಟಿನ ಮೊರೆಹೊಕ್ಕನು. ಹದಿನೇಳು ವರ್ಷಗಳ ಹಿಂದೆ ಇದೇ ಕೃಪೆಯನ್ನು ಬೇಡಿ ಪಡೆದಿದ್ದ ಬೋಲ್ಟನ್ ಮತ್ತು ವ್ಯಾಟರು ಈಗ ಆ ಮನವಿಯನ್ನು ಬಲವಾಗಿ ವಿರೋಧಿಸಿದರು. ತಮ್ಮ ವಾದವನ್ನು ಅಚ್ಚುಹಾಕಿಸಿ ಪ್ರಕಟಿಸಿದರು. ಹಾರ್ನ್‌ಬ್ಲೋವರನ ಪ್ರಯತ್ನ ವಿಫಲವಾಯಿತು.

ವಿವಾದವು ನ್ಯಾಯಾಲಯಗಳನ್ನೂ ಮುಟ್ಟಿತು. ಅನುಮತಿಯಿಲ್ಲದೆ ಯಂತ್ರಗಳನ್ನು ಕಟ್ಟಿದ ಎಡ್ವರ್ಡ್ ಬುಲ್ ಎಂಬಾತನ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ವ್ಯಾಟನ ಪೇಟೆಂಟು ಸಿಂಧುವೇ ಅಲ್ಲವೇ ಎಂಬ ಬಗ್ಗೆ ನಾಲ್ವರು ನ್ಯಾಯಾಧೀಶರು 1795ರಲ್ಲಿ ಸಮಸಮವಾಗಿ ಭಿನ್ನಾಭಿಪ್ರಾಯ ತಾಳಿದರು. ಜೊನಾಥನ್ನನ ಅಣ್ಣ ಜೇಬೆಜ್ ಹಾರ್ನ್‌ಬ್ಲೋವರನ ಮೇಲಿನ ಮೊಕದ್ದಮೆಯಲ್ಲಿ 1799ರಲ್ಲಿ ತೀರ್ಪು ವ್ಯಾಟನ ಪರವಾಯಿತು. ಹಕ್ಕಿನ ಅವಧಿ ಮುಗಿಯಲು ಆಗ ಒಂದೇ ವರ್ಷ ಉಳಿದಿತ್ತು.

1800ರ ಅನಂತರ ಉಗಿಯಂತ್ರದ ಬಾಗಿಲು ಎಲ್ಲರಿಗೂ ತೆರೆಯಿತು. 1811ರಿಂದ ಕಾರ್ನ್‌ವಾಲಿನ ಶಿಲ್ಪಿಗಳು ತಮ್ಮ ಯಂತ್ರಗಳು ಎಷ್ಟು ಕಲ್ಲಿದ್ದಲಿನಿಂದ ಎಷ್ಟು ಕೆಲಸ ಮಾಡುತ್ತವೆಂಬುದನ್ನು ಪ್ರತಿ ತಿಂಗಳೂ ಪ್ರಕಟಿಸತೊಡಗಿದರು. ಒಬ್ಬನ ಅನುಭವವು ಮತ್ತೊಬ್ಬನಿಗೆ ಪಾಠವಾಗಿ, ಯಂತ್ರಗಳ ಸಾಮರ್ಥ್ಯವು ಮುಂದಿನ ದಶಕಗಳಲ್ಲಿ ಬಹಳವಾಗಿ ಹೆಚ್ಚಿತು.

ಪಾರ್ಲಿಮೆಂಟಿನ ರಕ್ಷಣೆಯಿಲ್ಲದಿದ್ದರೆ ವ್ಯಾಟನ ಯಂತ್ರವು ಕಾರ್ಖಾನೆಯಿಂದ ಹೊರಬರುವುದೇ ಕಷ್ಟವಾಗುತ್ತಿತ್ತೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಆ ರಕ್ಷಣೆಯೇ ಇತರರ ಪ್ರತಿಭೆಗೆ ತಡೆಯಾಯಿತೆಂದು ಬೇರೆ ಕೆಲವರು ವಾದಿಸುತ್ತಾರೆ. ಎರಡು ಮಾತುಗಳಲ್ಲಿಯೂ ಹುರುಳಿದೆ. ಇಂದು ಭಾರತದಲ್ಲಿ ಪೇಟೆಂಟಿನ ಅವಧಿಯು ಅರ್ಜಿ ಸಲ್ಲಿಸಿದಂದಿನಿಂದ 20 ವರ್ಷ; ಅದು ಎಲ್ಲ ಶೋಧಕರಿಗೂ ಒಂದೇ. ಶೋಧಕನ ಶ್ರಮಕ್ಕೆ ತಕ್ಕ ಫಲ ದೊರೆಯಬೇಕು. ಅವನ ಶೋಧವು ಸಕಾಲದಲ್ಲಿ ಸಮಾಜದ ಸೊತ್ತೂ ಆಗಬೇಕು. ಇವೆರಡರ ನಡುವಣ ಗೆರೆಯನ್ನು, ಬೇಡುವವನ ಪ್ರಭಾವವನ್ನು ನೋಡಿ ಎಳೆಯದೆ, ಎಲ್ಲರಿಗೂ ಸಮಾನವಾದ ನಿಯಮದಿಂದ ಎಳೆಯುವುದೇ ನ್ಯಾಯವಾದ ಮಾರ್ಗ.