ಇಳಿದದ್ದು ನೀರೋ ಕೊಬ್ಬೋ

ಬೆಳಿಗ್ಗೆ ಆರೂವರೆಗೇ ತಂಗಿಯ ಫೋನು. ಹಿಂದಿನ ದಿನ ಅವಳ ನಾದಿನಿಯ ಮನೆಯ ಗೃಹಪ್ರವೇಶ.

"ಅಕ್ಕಾ, ಎಲ್ಲಾ ಹೋಯ್ತು ಕಣೇ. ಒಂದೇ ಒಂದು ದಿನ ಎಲೆ ಊಟ ಮಾಡಿದ್ದಕ್ಕೆ ಎರಡು ಕೆಜಿ ಏರಿಬಿಟ್ಟಿದೆ. ಆರು ವಾರ ಪಟ್ಟ ಕಷ್ಟ ನೀರುಪಾಲು."

ದನಿಯಲ್ಲಿ ಅಳುವಿತ್ತು. ಆರು ವಾರ ಅವಳು ಅನ್ನವನ್ನು ಅರ್ಧಕ್ಕಿಳಿಸಿ, ಸಂಜೆಯ ಬೋಂಡ ಬಿಟ್ಟು, ದಿನಾ ಮುಕ್ಕಾಲು ಗಂಟೆ ನಡೆದು ಮೂರು ಕೆಜಿ ಕಳೆದುಕೊಂಡಿದ್ದಳು. ಅದರಲ್ಲಿ ಎರಡು ಒಂದೇ ರಾತ್ರಿಯಲ್ಲಿ ವಾಪಸು ಬಂದಿದೆ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. "ಎಷ್ಟು ಹೋಳಿಗೆ ತಿಂದೆ?" ಅಂದೆ. "ಮೂರು. ತುಪ್ಪ ಹಾಕಿಸಿಕೊಂಡು."

ಮೈಯ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಎರಡು ಕೆಜಿ ಕೊಬ್ಬು ಬೆಳೆಯಬೇಕಾದರೆ 15,400 ಕ್ಯಾಲೊರಿ ಬೇಕು, ಅದೂ ಆ ದಿನದ ಖರ್ಚೆಲ್ಲ ಕಳೆದು ಮಿಕ್ಕಿದ್ದು. ತುಪ್ಪದ ಹೋಳಿಗೆ ಒಂದಕ್ಕೆ 300 ಅಂತ ಧಾರಾಳವಾಗಿ ಹಿಡಿದರೂ ದಿನದ ಊಟ ತಿಂಡಿಯ ಮೇಲೆ ಐವತ್ತು ಹೋಳಿಗೆ ತಿನ್ನಬೇಕಾಗುತ್ತಿತ್ತು. ಮೂರು ಹೋಳಿಗೆಗೆ ಅಷ್ಟು ಶಕ್ತಿಯಿಲ್ಲ. ಹಾಗಾದರೆ ಯಂತ್ರ ಸುಳ್ಳು ಹೇಳಿತೇ? ಇಲ್ಲ, ಎರಡು ಕೆಜಿ ನಿಜವಾಗಿಯೂ ಏರಿತ್ತು. ತಂಗಿ ಸಂಕಟದಲ್ಲಿ ಆಡಿದ 'ನೀರುಪಾಲು' ಎಂಬ ಮಾತೇ ಉತ್ತರ. ಏರಿದ್ದರಲ್ಲಿ ಬಹುಪಾಲು ನೀರು.

ಮೊದಲ ಕಾರಣ ಉಪ್ಪು. ಆಸ್ಪತ್ರೆಯಲ್ಲಿ ಏರಿಸುವ ನಾರ್ಮಲ್ ಸಲೈನ್ ಬಾಟಲಿಯನ್ನು ನೋಡಿದ್ದೀರಲ್ಲ, ಅದರ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪು ಇರುತ್ತದೆ. ನಮ್ಮ ರಕ್ತದ ಉಪ್ಪಿನ ಹದವೂ ಹೆಚ್ಚುಕಡಿಮೆ ಅಷ್ಟೇ, ಆ ಹದವನ್ನು ದೇಹ ಬಿಟ್ಟುಕೊಡುವುದಿಲ್ಲ. ಹೆಚ್ಚುವರಿ ಉಪ್ಪು ಒಳಗೆ ಹೋದರೆ ಬಾಯಾರಿಕೆಯಾಗುತ್ತದೆ, ನೀರು ಕುಡಿಯುತ್ತೇವೆ, ಮೂತ್ರಪಿಂಡ ಆ ಉಪ್ಪನ್ನು ಹೊರಹಾಕುವವರೆಗೆ ನೀರೂ ಅದರ ಜೊತೆಗೇ ಕೂರುತ್ತದೆ. 9 ಗ್ರಾಂ ಉಪ್ಪಿಗೆ ಒಂದು ಲೀಟರು, ಅಂದರೆ ಒಂದು ಕೆಜಿ. ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲೆಯ ತುದಿಯ ಉಪ್ಪು, ಉಪ್ಪಿನಕಾಯಿ, ಹಪ್ಪಳ, ಎರಡು ಸಲ ಹಾಕಿಸಿಕೊಂಡ ಹುಳಿ, ಕೊನೆಗೆ ಉಪ್ಪು ಬೆರೆಸಿದ ಮಜ್ಜಿಗೆ. ಲೆಕ್ಕ ಹಾಕಲೇಬೇಕಿಲ್ಲ. ಇನ್ನು ಊಟದ ತೂಕವೂ ಕರುಳಲ್ಲಿ ಒಂದೆರಡು ದಿನ ಇದ್ದೇ ಇರುತ್ತದೆ.

ಎರಡನೆಯ ಕಾರಣ ಅನ್ನ ಮತ್ತು ಸಿಹಿ. ತಿಂದ ಪಿಷ್ಟದ ಒಂದು ಭಾಗವನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಲಿವರಿನಲ್ಲೂ ಸ್ನಾಯುಗಳಲ್ಲೂ ಕೂಡಿಡುತ್ತದೆ. ತುರ್ತಿಗೆಂದು ಡಬ್ಬಿಯಲ್ಲಿಟ್ಟ ಚಿಲ್ಲರೆ ದುಡ್ಡಿನಂತೆ. ಎಲ್ಲ ಸೇರಿ 400-500 ಗ್ರಾಂ ಇದ್ದೀತು. ಆದರೆ ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಜೊತೆಗೆ ಹಿಡಿದುಕೊಂಡಿರುತ್ತದೆ. ಡಬ್ಬಿ ಪೂರ್ತಿ ಖಾಲಿಯಾದರೆ ತೂಕದಲ್ಲಿ ಎರಡು ಕೆಜಿಯವರೆಗೆ ಇಳಿಯುತ್ತದೆ, ತುಂಬಿದರೆ ಅಷ್ಟೇ ಏರುತ್ತದೆ. ಆರು ವಾರ ಅರೆಹೊಟ್ಟೆಯಲ್ಲಿದ್ದ ತಂಗಿಯ ಡಬ್ಬಿ ಗೃಹಪ್ರವೇಶದ ದಿನ ತುಂಬಿತ್ತು.

'ಹತ್ತು ದಿನದಲ್ಲಿ ಐದು ಕೆಜಿ' ಎಂಬ ಜಾಹೀರಾತುಗಳ ಬಂಡವಾಳವೂ ಇದೇ ಡಬ್ಬಿ. ಅನ್ನ, ಚಪಾತಿ, ಮುದ್ದೆ ಎಲ್ಲ ನಿಲ್ಲಿಸಿದರೆ ಗ್ಲೈಕೋಜನ್ ಕರಗಿ ನೀರು ಹೋಗುತ್ತದೆ. ಇನ್ಸುಲಿನ್ ಇಳಿಯುವುದರಿಂದ ಮೂತ್ರಪಿಂಡ ಉಪ್ಪನ್ನೂ ಹೆಚ್ಚು ಹೊರಹಾಕುತ್ತದೆ, ಅದರ ಹಿಂದೆ ಇನ್ನಷ್ಟು ನೀರು. ಮೊದಲ ವಾರ ಎಂಥ ಪಥ್ಯವೂ ಗೆಲ್ಲುತ್ತದೆ. ನೂರಾರು ಪುಡಿ, ಕಷಾಯ, ಪ್ಯಾಕೇಜುಗಳು ಮಾರಾಟವಾಗುವುದು ಆ ಒಂದು ವಾರದ ಬಲದ ಮೇಲೆ. ಎರಡನೆಯ ವಾರ ಮುಳ್ಳು ನಿಂತಾಗ ಜನ ತಮ್ಮ ಮನೋಬಲವನ್ನೇ ಹಳಿದುಕೊಳ್ಳುತ್ತಾರೆ. ದುಡ್ಡು ಹೋದದ್ದಕ್ಕಿಂತ ನನಗೆ ಇದೇ ಹೆಚ್ಚು ಸಂಕಟ. ತಪ್ಪು ಅವರದಲ್ಲವೇ ಅಲ್ಲ.

ಕೊಬ್ಬು ಎಷ್ಟು ನಿಧಾನ ಎಂಬುದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನುವುದು ಸುಲಭವಲ್ಲ. ಅಷ್ಟು ಮಾಡಿದರೆ ವಾರಕ್ಕೆ 3,500, ಅಂದರೆ ಸುಮಾರು 450 ಗ್ರಾಂ ಕೊಬ್ಬು. ದಿನಕ್ಕೆ 65 ಗ್ರಾಂ, ಒಂದು ಕೋಳಿಮೊಟ್ಟೆಯಷ್ಟು. ತೂಕ ಇಳಿಯುತ್ತ ಹೋದಂತೆ ದೇಹದ ಖರ್ಚೂ ಇಳಿಯುವುದರಿಂದ ಮುಂದೆ ಇದೂ ಕಡಿಮೆಯಾಗುತ್ತದೆ. ದಿನದಿಂದ ದಿನಕ್ಕೆ ಒಂದು ಕೆಜಿ ಆಚೀಚೆ ಆಗುವ ನೀರಿನ ನಡುವೆ ಈ 65 ಗ್ರಾಂ ಕಣ್ಣಿಗೆ ಬೀಳುವುದಾದರೂ ಹೇಗೆ?

ಪ್ಯಾರಿಸ್ ಒಲಿಂಪಿಕ್ಸ್‌ನ 100 ಗ್ರಾಂ ನಮಗ್ಯಾರಿಗೂ ಮರೆತಿಲ್ಲ. 2024ರ ಆಗಸ್ಟ್ 6ರಂದು ವಿನೇಶ್ ಫೋಗಟ್ 50 ಕೆಜಿ ವಿಭಾಗದಲ್ಲಿ ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದರು. ಬೆಳಿಗ್ಗೆ ತೂಕದಲ್ಲಿ ಪಾಸಾಗಿದ್ದ ಅವರು ಆ ಸಂಜೆ, ಕುಸ್ತಿಗೆ ಬೇಕಾದ ಆಹಾರ ನೀರು ತೆಗೆದುಕೊಂಡ ಮೇಲೆ, ಮಿತಿಗಿಂತ 2.7 ಕೆಜಿ ಹೆಚ್ಚಿದ್ದರು. ರಾತ್ರಿಯಿಡೀ ವ್ಯಾಯಾಮ, ಬಿಸಿಹಬೆಯ ಕೋಣೆ, ಊಟವಿಲ್ಲ, ನೀರಿಲ್ಲ, ಕೊನೆಗೆ ಕೂದಲನ್ನೂ ಕತ್ತರಿಸಿದರು. ಬೆಳಿಗ್ಗೆ 100 ಗ್ರಾಂ ಉಳಿದೇ ಹೋಯಿತು, ಅವರನ್ನು ಅನರ್ಹಗೊಳಿಸಲಾಯಿತು. ಆ ರಾತ್ರಿ ಹೋದ 2.6 ಕೆಜಿಯಲ್ಲಿ ಕೊಬ್ಬು ಎಷ್ಟಿದ್ದೀತು? ಅಷ್ಟೂ ಕೊಬ್ಬೇ ಆಗಬೇಕಾದರೆ 20,000 ಕ್ಯಾಲೊರಿ ಉರಿಯಬೇಕಿತ್ತು. ಒಂದು ರಾತ್ರಿಯಲ್ಲಿ ಯಾವ ಮನುಷ್ಯನಿಂದಲೂ ಆಗದ ಕೆಲಸ ಅದು. ಹೋದದ್ದು ಬೆವರು, ಉಸಿರಿನ ತೇವ, ಮೂತ್ರ.

ಹೀಗೆ ನೀರು ಹಿಂಡಿ ತೂಕ ಇಳಿಸುವುದು ಜೀವಕ್ಕೇ ಅಪಾಯ. 1997ರ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ರಬ್ಬರಿನ ಉಡುಪು ತೊಟ್ಟು, ಬಿಸಿ ಕೋಣೆಯಲ್ಲಿ ವ್ಯಾಯಾಮ ಮಾಡುತ್ತ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಆ ಉಡುಪನ್ನೂ ಹಬೆಕೋಣೆಯನ್ನೂ ನಿಷೇಧಿಸಿತು. ನಮ್ಮ ಪಾರ್ಕುಗಳಲ್ಲಿ ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಕೊಂಡು, ದಪ್ಪ ಜಾಕೆಟ್ ತೊಟ್ಟು ಓಡುವವರನ್ನು ಕಂಡಾಗ ಕೈ ಹಿಡಿದು ನಿಲ್ಲಿಸಬೇಕು ಅನಿಸುತ್ತದೆ. ಬೆವರಿನಲ್ಲಿ ಇರುವುದು ನೀರು ಮತ್ತು ಉಪ್ಪು. ಕೊಬ್ಬು ಬೆವರಾಗಿ ಇಳಿಯುವುದಿಲ್ಲ. ಅದು ಹೋಗುವ ದಾರಿಯೇ ಬೇರೆ. ಆಸ್ಟ್ರೇಲಿಯಾದ ರೂಬನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಲೆಕ್ಕ ಬಿಡಿಸಿ ತೋರಿಸಿದರು. 10 ಕೆಜಿ ಕೊಬ್ಬು ಕರಗಿದರೆ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, ಉಳಿದ 1.6 ಕೆಜಿ ಮಾತ್ರ ನೀರಾಗುತ್ತದೆ. ಕೊಬ್ಬಿನ ಹೆಚ್ಚಿನ ಪಾಲನ್ನು ನಾವು ಮೂಗಿನಿಂದಲೇ ಹೊರಬಿಡುತ್ತೇವೆ, ಸದ್ದಿಲ್ಲದೆ.

ಏರುವ ನೀರಿಗಿಂತ ಹೆಚ್ಚು ಗೋಳಾಡಿಸುವುದು ಇಳಿಕೆಯನ್ನು ಮುಚ್ಚಿಡುವ ನೀರು. ಹೊಸದಾಗಿ ಜಿಮ್ ಸೇರಿದವರಿಗೆ ಮೊದಲ ಎರಡು ವಾರ ತೂಕ ಏರುವುದುಂಟು. ನೊಂದ ಸ್ನಾಯುಗಳ ರಿಪೇರಿಗೆ ಅಲ್ಲಿ ನೀರು ಸೇರಿರುತ್ತದೆ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದೆರಡು ಕೆಜಿ ಕೂಡುವುದು ಅಪರೂಪವಲ್ಲ. ಉಂಗುರ ಬಿಗಿಯಾಗುತ್ತದೆ, ಬ್ಲೌಸಿನ ತೋಳು ಒತ್ತುತ್ತದೆ. ತಿಂಗಳ ಆ ವಾರದ ತೂಕವನ್ನು ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕೇ ಹೊರತು ಹಿಂದಿನ ವಾರದ ಜೊತೆಗಲ್ಲ. ಇಷ್ಟನ್ನು ನನಗೆ ಇಪ್ಪತ್ತೈದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಎಷ್ಟೋ ಬೆಳಗುಗಳು ಹಗುರವಾಗುತ್ತಿದ್ದವು.

ಅರೆಹೊಟ್ಟೆ ಅತಿಯಾದರೂ ನೀರು ನಿಲ್ಲುತ್ತದೆ. ಎರಡನೇ ಮಹಾಯುದ್ಧದ ಕೊನೆಯ ದಿನಗಳಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಒಪ್ಪಿ ಬಂದ 36 ತರುಣರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದರು. ತೂಕದ ಕಾಲು ಭಾಗದಷ್ಟನ್ನು ಕಳೆದುಕೊಂಡು ಎಲುಬು ಕಾಣುವಂತಾದ ಹುಡುಗರಲ್ಲಿ ಅನೇಕರ ಕಾಲು, ಮುಖ ಊದಿಕೊಂಡವು. ಕೊಬ್ಬು, ಸ್ನಾಯು ಎರಡೂ ಕರಗುತ್ತಿದ್ದ ಜಾಗದಲ್ಲಿ ನೀರು ನಿಂತಿತ್ತು. ದಿನಕ್ಕೆ ಎರಡು ಹಣ್ಣು ತಿಂದುಕೊಂಡು ತೂಕ ಯಾಕೆ ಇಳಿಯುತ್ತಿಲ್ಲ ಎಂದು ಅಳುವ ಹುಡುಗಿಯರು ಇದನ್ನು ತಿಳಿದಿರಬೇಕು.

ಹಾಗಾದರೆ ಬೇರ್ಪಡಿಸುವುದು ಹೇಗೆ? ಜಿಮ್ಮಿನಲ್ಲಿ ಬರಿಗಾಲಲ್ಲಿ ನಿಲ್ಲಿಸಿ 'ಬಾಡಿ ಫ್ಯಾಟ್' ಶೇಕಡಾವಾರು ತೋರಿಸುವ ಯಂತ್ರವನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಅದು ಮೈಯೊಳಗೆ ಸಣ್ಣ ವಿದ್ಯುತ್ ಹಾಯಿಸಿ, ಅದಕ್ಕೆ ಎದುರಾಗುವ ತಡೆಯಿಂದ ನೀರನ್ನು ಅಂದಾಜು ಮಾಡಿ, ನೀರಿನಿಂದ ಕೊಬ್ಬನ್ನು ಊಹಿಸುತ್ತದೆ. ನೀರು ಏರುಪೇರಾದ ದಿನ ಕೊಬ್ಬಿನ ಅಂಕಿಯೂ ಏರುಪೇರು. ನಾನು ನಂಬುವುದು ಒಂದು ನೋಟುಬುಕ್ಕನ್ನು. ದಿನಾ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ, ಗಟ್ಟಿ ನೆಲದ ಮೇಲಿಟ್ಟ ಅದೇ ಯಂತ್ರದಲ್ಲಿ ನೋಡಿದ ತೂಕ. ನನ್ನ ಪುಟವೊಂದರಲ್ಲಿ ಸೋಮವಾರದಿಂದ ಭಾನುವಾರದವರೆಗೆ ಹೀಗಿದೆ: 68.4, 69.1, 68.9, 68.2, 68.7, 68.0, 68.3. ಮುಂದಿನ ವಾರ: 68.6, 68.1, 67.9, 68.4, 68.2, 67.7, 67.6. ಸೋಮವಾರಗಳನ್ನು ಮಾತ್ರ ನೋಡಿದ್ದರೆ ವಾರವಿಡೀ ಪಥ್ಯ ಮಾಡಿ 200 ಗ್ರಾಂ ಏರಿಸಿಕೊಂಡೆ ಎಂದು ಕೈಬಿಡುತ್ತಿದ್ದೆ. ಏಳು ದಿನ ಕೂಡಿ ಏಳರಿಂದ ಭಾಗಿಸಿದರೆ ಮೊದಲ ವಾರ 68.51, ಎರಡನೆಯದು 68.07. ಇಳಿದದ್ದು 440 ಗ್ರಾಂ. ವಾರಕ್ಕೆ 450 ಎಂದು ಮೇಲೆ ಹಾಕಿದ ಲೆಕ್ಕಕ್ಕೆ ತೀರಾ ಹತ್ತಿರ. ಪಥ್ಯ ಶುರುಮಾಡಿದ ಮೊದಲ ವಾರದ ಇಳಿಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಮೂರ್ನಾಲ್ಕು ವಾರದ ಸರಾಸರಿ ಜೋಡಿಸಿ ನೋಡಿದರೆ ಕೊಬ್ಬಿನ ದಾರಿ ಕಾಣುತ್ತದೆ.

ಇನ್ನೊಂದು ಸಾಕ್ಷಿ ಸೊಂಟ. ಹೊಕ್ಕುಳ ಮಟ್ಟದಲ್ಲಿ ವಾರಕ್ಕೊಮ್ಮೆ ಟೇಪು ಹಿಡಿದರೆ ಸಾಕು. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು ಎನ್ನುತ್ತಾರೆ ವೈದ್ಯರು. ನಮ್ಮ ಹಿರಿಯರಲ್ಲಿ ಟೇಪು ಇರಲಿಲ್ಲ, ಉಡಿದಾರ ಇತ್ತು. ವರ್ಷವಿಡೀ ಮೈಮೇಲೇ ಇರುವ ಅಳತೆ.

ಉಡಿದಾರ ಎಂದಾಗ ಅಪ್ಪ ನೆನಪಾಗುತ್ತಾರೆ. ನೋಟುಬುಕ್ಕಿನ ಅಭ್ಯಾಸ ನನಗೆ ಬಂದದ್ದು ಅವರಿಂದ. ಅವರ ಕೊನೆಯ ವರ್ಷಗಳಲ್ಲಿ ಹೃದಯ ಸೋತಿತ್ತು. ಒಂದು ಸಂಜೆ ಪಂಚೆ ಸಡಿಲಿಸುವಾಗ ಉಡಿದಾರ ಹೊಟ್ಟೆಯೊಳಗೆ ಹೂತು ಕೆಂಪು ಗೆರೆ ಬಿದ್ದಿತ್ತು. "ದಪ್ಪ ಆಗ್ತಾ ಇದೀನಿ ಅಂತ ಕಾಣುತ್ತೆ, ರಾತ್ರಿ ಊಟ ಕಡಿಮೆ ಮಾಡ್ತೀನಿ" ಅಂದರು. ಡಾಕ್ಟರು ಅವರ ಮೊಳಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಕಡುಬಿನ ಹಿಟ್ಟಿಗೆ ಒತ್ತಿದಂತೆ ಗುಂಡಿ ಹಾಗೇ ಉಳಿಯಿತು. "ಯಜಮಾನ್ರೇ, ಇದು ಊಟದಿಂದ ಬಂದಿದ್ದಲ್ಲ, ನೀರು. ದಿನಾ ಬೆಳಿಗ್ಗೆ ತೂಕ ಬರೆದಿಡಿ. ಒಂದೇ ದಿನದಲ್ಲಿ ಒಂದು ಕೆಜಿ ಮೇಲೆ, ಇಲ್ಲ ವಾರದಲ್ಲಿ ಎರಡು ಕೆಜಿ ಮೇಲೆ ಏರಿದ್ರೆ ನನಗೆ ಫೋನ್ ಮಾಡಿ. ಉಸಿರು ಕಟ್ಟೋವರೆಗೂ ಕಾಯಬೇಡಿ." ಅಂದಿನಿಂದ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಅಪ್ಪನ ಪೆನ್ಸಿಲ್ ಅಂಕಿ. ಎರಡು ಸಲ ಆ ಅಂಕಿ ನೋಡಿಯೇ ಫೋನ್ ಮಾಡಿದೆವು, ನೀರು ಹೋಗುವ ಮಾತ್ರೆ ಹೆಚ್ಚಿಸಿದರು, ಆಸ್ಪತ್ರೆ ಸೇರುವುದು ತಪ್ಪಿತು. ಅದೇ ಮಾತ್ರೆಯನ್ನು ತೂಕ ಇಳಿಸಲೆಂದು ಅಂಗಡಿಯಿಂದ ತಂದು ನುಂಗುವವರಿದ್ದಾರೆ ಎಂದು ಕೇಳಿದಾಗ ಎದೆ ಝಲ್ಲೆಂದಿತು. ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೋಗಿ ಹೃದಯದ ಬಡಿತವೇ ತಪ್ಪಬಹುದು.

ತಂಗಿಗೆ ಅವತ್ತು ಹೇಳಿದ್ದು ಇಷ್ಟೇ: ಊಟ ಬಿಡಬೇಡ, ನೀರು ಬಿಡಬೇಡ, ಎಂದಿನಂತೆ ನಡೆ, ಶುಕ್ರವಾರದವರೆಗೆ ಅಂಕಿ ಬರೆ. ಗುರುವಾರವೇ ಫೋನು ಬಂತು. ಎರಡು ಕೆಜಿಯೂ ಹೋಗಿತ್ತು, ಅವಳು ಏನೂ ಮಾಡಿರಲಿಲ್ಲ.

ಹಬ್ಬದ ನೀರು ಹೀಗೆ ನಾಲ್ಕು ದಿನದಲ್ಲಿ ತಾನಾಗಿ ಇಳಿಯುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಳಿಯದಿದ್ದರೆ, ಕಾಲುಚೀಲದ ಗೆರೆ ಸಂಜೆಯಾದರೂ ಮಾಸದಿದ್ದರೆ, ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಎರಡು ದಿಂಬು ಕೇಳಿದರೆ, ದಯವಿಟ್ಟು ಕಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿ. ಗುಂಡಿ ಉಳಿದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.